ಮಡಚಿಟ್ಟ ಮೋಡ

ಉತ್ತರ ಇಂಗ್ಲೆಂಡಿನಲ್ಲಿ ಡಿಸೆಂಬರ್ ತಿಂಗಳ ಸೂರ್ಯ ಸಂಜೆ ನಾಲ್ಕು ಗಂಟೆಗೆ ಮುನ್ನವೇ ಮುಳುಗುತ್ತಾನೆ. ಇಲ್ಲಿನ ಕನ್ನಡಿಗರ ಚಳಿಗಾಲದ ಸಮಾರಂಭಗಳು ಬಹುಪಾಲು ನಡೆಯುವುದು ವಿದ್ಯುದ್ದೀಪದ ಕೆಳಗೇ. ಛಾವಣಿಯ ದೀಪ ಕಣ್ಣುಗಳ ಕೆಳಗೆ ಕಪ್ಪು ಕೂರಿಸುತ್ತದೆ. ಮೊಬೈಲಿನ ಫ್ಲ್ಯಾಶ್ ಹಣೆಗೆ ಎಣ್ಣೆ ಹಚ್ಚಿದಂಥ ಹೊಳಪು ಕೊಟ್ಟು, ಹಿಂದಿನ ಗೋಡೆಯ ಮೇಲೆ ಕರಿನೆರಳು ಬೀಳಿಸುತ್ತದೆ. ಸೀರೆಯ ಜರಿ, ಮೂಗುಬೊಟ್ಟುಗಳು ಮಿನುಗಿ ಮುಖವೇ ಹಿಂದೆ ಸರಿಯುತ್ತದೆ. ಇದನ್ನು ನೋಡಿ ನೋಡಿ ಬೇಸತ್ತು, ಕೆಲವು ವರ್ಷಗಳ ಹಿಂದೆ ನಾನೊಂದು ಸಾಫ್ಟ್‌ಬಾಕ್ಸ್ ಕೊಂಡೆ.

ಅದು ಕೊಡೆಯಂತೆ ಮಡಚಿ ಹೆಗಲಿಗೇರಿಸಬಹುದಾದ ಸಾಧನ. ಹೊರಗೆ ಕಪ್ಪು ಬಟ್ಟೆ, ಒಳಗೆ ಬೆಳ್ಳಿಬಣ್ಣದ ಹೊದಿಕೆ, ಮುಂದೆ ಬಿಳಿಯ ಪರದೆ. ಒಳಗಿನ ಪುಟ್ಟ ದೀಪದ ಬೆಳಕು 60 ಸೆಂಟಿಮೀಟರ್ ಅಗಲದ ಪರದೆಯ ತುಂಬ ಹರಡಿಕೊಂಡು ಹೊರಬರುತ್ತದೆ. ಎದುರಿಗೆ ಕುಳಿತವರಿಗೆ ದೀಪ ಎಷ್ಟು ದೊಡ್ಡದಾಗಿ ಕಾಣುತ್ತದೋ ನೆರಳಿನ ಅಂಚು ಅಷ್ಟು ಮೃದುವಾಗುತ್ತದೆ. ಸೂರ್ಯ ಎಷ್ಟೇ ದೊಡ್ಡವನಾದರೂ ನಮ್ಮ ಕಣ್ಣಿಗೆ ಕಾಣುವುದು ಸುಮಾರು ಅರ್ಧ ಡಿಗ್ರಿಯಷ್ಟು. ಆದ್ದರಿಂದಲೇ ಬಿಸಿಲಿನ ನೆರಳು ಅಷ್ಟು ಚೂಪು. ಮೋಡ ಕವಿದಾಗ ಇಡೀ ಆಕಾಶವೇ ದೀಪವಾಗಿ ನೆರಳು ಕರಗುತ್ತದೆ. ಶಸ್ತ್ರಚಿಕಿತ್ಸಾ ಕೊಠಡಿಯ ದೀಪದ ಗುಟ್ಟೂ ಇದೇ. ಬೆಳಕು ಹಲವು ದಿಕ್ಕುಗಳಿಂದ ಬರುವುದರಿಂದ ಶಸ್ತ್ರವೈದ್ಯರ ಕೈ ಅಡ್ಡ ಬಂದರೂ ಗಾಯ ಕತ್ತಲಾಗುವುದಿಲ್ಲ.

ಹೀಗಾಗಿ ಸಾಫ್ಟ್‌ಬಾಕ್ಸನ್ನು ಹತ್ತಿರವೇ ಇಡಬೇಕು. ಪರದೆಯ ಅಗಲಕ್ಕಿಂತ ತುಸು ಹೆಚ್ಚು ದೂರ, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಮುಖಕ್ಕೆ 45 ಡಿಗ್ರಿ ಓರೆ: ಇದು ನನ್ನ ರೂಢಿ. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ, ನೆರಳೂ ಗಡುಸಾಗುತ್ತದೆ. ಕನ್ನಡಕ ಧರಿಸಿದವರಾದರೆ ಗಾಜಿನಲ್ಲಿ ಬಿಳಿಯ ಚೌಕ ಕಾಣದಂತೆ ದೀಪವನ್ನು ಇನ್ನಷ್ಟು ಎತ್ತರಿಸುತ್ತೇನೆ.

ಕಳೆದ ಚಳಿಗಾಲದಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಅವರ ತಾಯಿಯ ಸಹಸ್ರಚಂದ್ರದರ್ಶನ ನಡೆಯಿತು. ಅದಕ್ಕೆ ಆರು ತಿಂಗಳ ಮೊದಲು ಆ ಹಿರಿಯರಿಗೆ ಪಾರ್ಶ್ವವಾಯು ಬಡಿದಿತ್ತು. ನಡಿಗೆ, ಮಾತು ಮರಳಿದ್ದವು. ಬಾಯಿಯ ಎಡಗೊನೆ ಮಾತ್ರ ತುಸು ಜೋತುಬಿದ್ದಿತ್ತು. ಅಂದಿನಿಂದ ಮನೆಯವರು ಅವರ ಫೋಟೊ ತೆಗೆದಿರಲಿಲ್ಲ. ಶಿವಮೊಗ್ಗದಲ್ಲಿರುವ ತಂಗಿಯೊಂದಿಗೆ ಫೋನಿನಲ್ಲಿ ಮಾತು ನಡೆಯುತ್ತಿತ್ತು, ವಿಡಿಯೊ ಕರೆಗೆ ಮಾತ್ರ ಪ್ರತಿಸಲವೂ ಏನಾದರೊಂದು ನೆಪ.

ಗೆಳೆಯರು ನನ್ನನ್ನು ಪಕ್ಕಕ್ಕೆ ಕರೆದು, "ಏನೂ ಗೊತ್ತಾಗದ ಹಾಗೆ ಅಮ್ಮನದೊಂದು ಫೋಟೊ ತೆಗೆದುಕೊಡಿ, ಚಿಕ್ಕಮ್ಮನಿಗೆ ಕಳಿಸಬೇಕು" ಎಂದರು. ನನ್ನ ಕಸುಬು ಇದಕ್ಕೆ ತದ್ವಿರುದ್ಧವಾದುದು. "ಹಲ್ಲು ತೋರಿಸಿ, ಹುಬ್ಬು ಏರಿಸಿ" ಎನ್ನುತ್ತ, ಮುಖದ ಎಡಬಲಗಳ ಅಂತರವನ್ನು 30 ವರ್ಷಗಳಿಂದ ಹುಡುಕುತ್ತ ಬಂದವನು ನಾನು. ಅಂದು ಅದನ್ನೇ ಮರೆಮಾಡಲು ಹೊರಟೆ. ಅಮ್ಮನ ಬಲಗೆನ್ನೆ ಕ್ಯಾಮೆರಾದತ್ತ ತಿರುಗುವಂತೆ ಕೂರಿಸಿ, ಸಾಫ್ಟ್‌ಬಾಕ್ಸನ್ನು ಅವರ ಬಲಕ್ಕಿಟ್ಟೆ. ಎಡಗೆನ್ನೆ ನಯವಾಗಿ ನೆರಳಿಗೆ ಸರಿಯಿತು. ಚಿತ್ರ ಸೊಗಸಾಗಿ ಬಂದಿತ್ತು, ಹೆಮ್ಮೆಯಿಂದಲೇ ತೋರಿಸಿದೆ.

ಅಮ್ಮ ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ ಡಾಕ್ಟ್ರೇ. ಆದ್ರೆ ಇನ್ನರ್ಧ ಮುಖ ಎಲ್ಲಿ? ನನ್ನ ತಂಗಿ ಇದನ್ನ ನೋಡಿದ್ರೆ, ಆ ಅರ್ಧಕ್ಕೆ ಏನಾಗಿದೆಯೋ ಅಂತ ರಾತ್ರಿಯೆಲ್ಲ ನಿದ್ದೆಗೆಡ್ತಾಳೆ" ಎಂದರು.

ಗೆಳೆಯರು ಮಾತಾಡಲಿಲ್ಲ. ನನಗೂ ಉತ್ತರ ತೋಚಲಿಲ್ಲ. ದೀಪದ ಸ್ಟ್ಯಾಂಡನ್ನು ಎತ್ತಿ ತಂದು ಅಮ್ಮನ ನೇರ ಎದುರಿಗೆ, ಕ್ಯಾಮೆರಾದ ತುಸು ಮೇಲೆ, ಸಾಧ್ಯವಾದಷ್ಟು ಹತ್ತಿರ ನಿಲ್ಲಿಸಿದೆ. ಅವರ ಮಡಿಲಿನಲ್ಲಿ ಒಂದು ಬಿಳಿ ಪಂಚೆ ಹಾಸಿದೆ. ಅದರಿಂದ ಚಿಮ್ಮಿದ ಬೆಳಕು ಗಲ್ಲದ ಕೆಳಗಿನ ನೆರಳನ್ನು ತಿಳಿಯಾಗಿಸಿತು. ಈಗ ಎರಡೂ ಕೆನ್ನೆಗಳು ಒಂದೇ ಸಮನೆ ಕಾಣುತ್ತಿದ್ದವು. ಜೋತುಬಿದ್ದ ತುಟಿಯ ಕೊನೆಯೂ ಕಾಣುತ್ತಿತ್ತು, ಆದರೆ ಛಾವಣಿಯ ದೀಪ ಅದರ ಕೆಳಗೆ ಕೊರೆದಿದ್ದ ಕಪ್ಪು ಗೆರೆ ಹೋಗಿತ್ತು. ಮೊಮ್ಮಗಳು ಏನೋ ಅಂದಳು. ಅಮ್ಮ ನಕ್ಕರು, ಬಲಕ್ಕೆ ಹೆಚ್ಚು, ಎಡಕ್ಕೆ ಕಡಿಮೆ. ಕಣ್ಣೆರಡರಲ್ಲೂ ಬಿಳಿ ಪರದೆಯ ಪುಟ್ಟ ಪ್ರತಿಬಿಂಬ ಮಿನುಗುತ್ತಿತ್ತು. ಗುಂಡಿ ಒತ್ತಿದೆ.

ಆ ಚಿತ್ರ ಅಂದು ರಾತ್ರಿಯೇ ಶಿವಮೊಗ್ಗಕ್ಕೆ ಹೋಯಿತು. ಮರುದಿನ ಅಲ್ಲಿಂದ ವಿಡಿಯೊ ಕರೆ ಬಂತು. ಈ ಸಲ ಯಾರೂ ನೆಪ ಹೇಳಲಿಲ್ಲ. ತಂಗಿ ಮೊದಲು ಅತ್ತರಂತೆ. ಆಮೇಲೆ ಕಣ್ಣೊರೆಸಿಕೊಂಡು, "ಇಷ್ಟೇನಾ ಅಕ್ಕಾ? ನಾನು ಏನೇನೋ ಅಂದ್ಕೊಂಡಿದ್ದೆ" ಎಂದರಂತೆ.

ಈಗಲೂ ಸಮಾರಂಭಗಳಿಗೆ ನನ್ನ ಮಡಚಿಟ್ಟ ಮೋಡವನ್ನು ಹೊತ್ತೊಯ್ಯುತ್ತೇನೆ. ಆದರೆ ದೀಪವನ್ನು ಎಲ್ಲಿ ನಿಲ್ಲಿಸಬೇಕೆಂದು ಯೋಚಿಸುವ ಮೊದಲು, ಕುಳಿತವರನ್ನು ಒಂದು ಮಾತು ಕೇಳುತ್ತೇನೆ: "ಈ ಫೋಟೊ ಯಾರಿಗೆ ಕಳಿಸೋದು?"