ಕತ್ತಿ ಹಿಡಿಯದ ರಾಣಿಗೂ ರಂಗ ಬೇಕು

ನವೆಂಬರ್ ಬಂತೆಂದರೆ ಚಿತ್ರದುರ್ಗ ಸೀಮೆಯ ಶಾಲೆಗಳಲ್ಲಿ ರಾಣಿಯರ ದರ್ಬಾರು. 1ಕ್ಕೆ ರಾಜ್ಯೋತ್ಸವ. 11ಕ್ಕೆ, 2021ರಿಂದ ಸರ್ಕಾರವೇ ಆಚರಿಸುತ್ತಿರುವ ಒನಕೆ ಓಬವ್ವ ಜಯಂತಿ. ಹಿರಿಯೂರು ತಾಲ್ಲೂಕಿನ ಆದಿವಾಲವಿರಲಿ, ಹೊಳಲ್ಕೆರೆ, ಹೊಸದುರ್ಗದ ಹಳ್ಳಿಗಳಿರಲಿ, ಶಾಮಿಯಾನ ಹಾಕಿ ಮೈಕು ಕಟ್ಟಿದ ಕಡೆ ಕಚ್ಚೆ ಸೀರೆ ಉಟ್ಟ ಹುಡುಗಿಯೊಬ್ಬಳು ಬೇಗಡೆ ಸುತ್ತಿದ ಮರದ ಕತ್ತಿ ಹಿಡಿದು ನಿಲ್ಲುತ್ತಾಳೆ. ಅವಳು ಕಿತ್ತೂರು ಚೆನ್ನಮ್ಮ. ಎದುರಿಗೆ ಯಾರೂ ಇಲ್ಲ. ಆದರೂ ಅವಳ ದನಿ ಏರಿದಂತೆ ಅಲ್ಲೊಬ್ಬ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಕುಗ್ಗುತ್ತ ಹೋಗುವುದು ಕೂತವರಿಗೆಲ್ಲ ಕಾಣುತ್ತದೆ.

ಇದು ಏಕಪಾತ್ರಾಭಿನಯ. ಇದೇ ಬೆಳೆದು ಗಂಟೆಗಟ್ಟಲೆ ನಿಂತಾಗ ಏಕವ್ಯಕ್ತಿ ನಾಟಕ. ಇಲ್ಲದವನನ್ನು ಇರುವಂತೆ ಮಾಡುವುದು ಇದರ ಮೊದಲ ಪಾಠ. ಕಾಣದ ಆ ಥ್ಯಾಕರೆ ಎಲ್ಲಿ ನಿಂತಿದ್ದಾನೆ, ಎಷ್ಟು ಎತ್ತರ ಎಂಬುದನ್ನು ನಟಿ ಕಣ್ಣಲ್ಲೇ ಗುರುತು ಹಾಕಿಕೊಳ್ಳಬೇಕು. ಹಾಕಿದ ಗುರುತು ಕೊನೆಯವರೆಗೆ ಕದಲಬಾರದು. ಅವನ ಮಾತು ನಮಗೆ ಕೇಳಿಸದಿದ್ದರೂ ಅವನು ಮಾತಾಡಿ ಮುಗಿಸುವಷ್ಟು ಹೊತ್ತು ಇವಳು ಕಾಯಬೇಕು. ಹೊಸಬರು ಎಡವುವುದು ಇಲ್ಲೇ. ಬಾಯಿಪಾಠದ ಭರದಲ್ಲಿ ಆ ಮೌನವನ್ನೇ ನುಂಗಿಬಿಡುತ್ತಾರೆ. ಇನ್ನೊಂದು ಬಗೆಯಲ್ಲಿ ಎಲ್ಲ ಪಾತ್ರವೂ ಅವಳೇ: ಸೆರಗು ತಲೆಯ ಮೇಲೆ ಬಂದರೆ ಅತ್ತೆ, ಸೊಂಟಕ್ಕೆ ಸಿಕ್ಕಿಸಿದರೆ ದಾಸಿ, ಹೆಗಲ ಮೇಲೆ ಹರಡಿದರೆ ರಾಣಿ. ನಮ್ಮ ಹರಿಕಥೆ ದಾಸರು ಒಂದೇ ಶಲ್ಯದಲ್ಲಿ ಈ ಕೆಲಸವನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದಾರೆ.

ದೊಡ್ಡ ರಂಗದಲ್ಲಿ ಇದರ ಕಸುವು ಏನೆಂದು ತೋರಿಸಿದ ಕಲಾವಿದೆಯರಿದ್ದಾರೆ. ಬೇಲೂರು ರಘುನಂದನ್ ಬರೆದು ಚಿದಂಬರ ರಾವ್ ಜಂಬೆ ನಿರ್ದೇಶಿಸಿದ ‘ಶರ್ಮಿಷ್ಠೆ’ಯಲ್ಲಿ ಉಮಾಶ್ರೀ ಒಬ್ಬರೇ ರಂಗ ತುಂಬಿದರು. ದಾನವರಾಜ ವೃಷಪರ್ವನ ಮಗಳು ದೇವಯಾನಿಯ ದಾಸಿಯಾಗಬೇಕಾಗಿ ಬಂದ ಕಥೆ ಅದು. ಲಕ್ಷ್ಮೀ ಚಂದ್ರಶೇಖರ್ ಅವರು ಚಂದ್ರಶೇಖರ ಕಂಬಾರರ ಸಿಂಗಾರೆವ್ವನನ್ನು, ಅವಳ ಅರಮನೆಯ ಸಮೇತ, ಒಬ್ಬರೇ ಹೊತ್ತು ತಂದರು. ಒಬ್ಬಳು ಪುರಾಣದವಳು, ಇನ್ನೊಬ್ಬಳು ಕಾದಂಬರಿಯವಳು. ಇಬ್ಬರ ಕೈಯಲ್ಲೂ ಕತ್ತಿಯಿಲ್ಲ. ಅರಮನೆಯೊಳಗೆ ಸಿಕ್ಕಿಬಿದ್ದ ಹೆಣ್ಣಿನ ಮನಸ್ಸೇ ಅಲ್ಲಿ ರಣರಂಗ.

ಇತಿಹಾಸದ ರಾಣಿಯರಿಗೆ ಮಾತ್ರ ನಾವು ಕತ್ತಿಯೊಂದನ್ನೇ ಕೊಟ್ಟು ಕೂತಿದ್ದೇವೆ. ನಮ್ಮ ಮಕ್ಕಳ ಚೆನ್ನಮ್ಮ 1961ರ ಸಿನಿಮಾದಲ್ಲಿ ಬಿ. ಸರೋಜಾದೇವಿಯವರು ಆಡಿದ, ಕಪ್ಪ ಕೊಡೆನೆಂಬ ಮಾತಿಗೇ ನಿಂತಿದ್ದಾಳೆ. ಓಬವ್ವ ರಾಣಿಯಲ್ಲ, ಕೋಟೆ ಕಾವಲುಗಾರ ಕಹಳೆ ಮುದ್ದಹನುಮನ ಹೆಂಡತಿ. ಅವಳ ರೂಪವನ್ನು 1972ರ ‘ನಾಗರಹಾವು’ ಚಿತ್ರದ ಜಯಂತಿ ಗಟ್ಟಿ ಮಾಡಿಬಿಟ್ಟರು. ಚೆನ್ನಮ್ಮನ ಆ ಕಪ್ಪದ ಮಾತಿಗೆ ಚಪ್ಪಾಳೆ ಬೀಳಲಿ, ಬೀಳಲೇಬೇಕು. ಆದರೆ 1824ರ ಅಕ್ಟೋಬರ್ 23ರಂದು ಬ್ರಿಟಿಷರ ವಿರುದ್ಧ ಗೆದ್ದ ಚೆನ್ನಮ್ಮ ಅದೇ ಡಿಸೆಂಬರಿನಲ್ಲಿ ಸೆರೆ ಸಿಕ್ಕಳು. 1829ರ ಫೆಬ್ರುವರಿಯಲ್ಲಿ ಕಣ್ಣು ಮುಚ್ಚುವವರೆಗೆ ನಾಲ್ಕು ವರ್ಷಕ್ಕೂ ಮಿಕ್ಕಿ ಬೈಲಹೊಂಗಲದಲ್ಲಿ ಬಂದಿಯಾಗಿದ್ದಳು. ಸೆರೆಯಲ್ಲಿ ಕುಳಿತ ಆ ರಾಣಿಯೇ ಏಕವ್ಯಕ್ತಿ ರಂಗಕ್ಕೆ ಹೇಳಿ ಮಾಡಿಸಿದವಳು. ಅವಳನ್ನು ನಮ್ಮ ವೇದಿಕೆಗಳು ಕರೆಯುವುದು ಅಪರೂಪ.

ಇನ್ನೊಬ್ಬ ರಾಣಿಯಂತೂ ಹಿರಿಯೂರಿನವರಿಗೆ ತೀರ ಹತ್ತಿರದವರು. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡ ಕಟ್ಟಿದ ವಾಣಿವಿಲಾಸ ಸಾಗರಕ್ಕೆ ಹೆಸರು ಕೊಟ್ಟ ವಾಣಿವಿಲಾಸ ಸನ್ನಿಧಾನ, ಮಹಾರಾಣಿ ಕೆಂಪನಂಜಮ್ಮಣ್ಣಿ. 1894ರ ಡಿಸೆಂಬರ್ 28ರಂದು ಪತಿ ಚಾಮರಾಜ ಒಡೆಯರ್ ದೂರದ ಕಲ್ಕತ್ತದಲ್ಲಿ ತೀರಿಕೊಂಡರು. ಆಗ ಈಕೆಗೆ ಮೂವತ್ತೂ ತುಂಬಿರಲಿಲ್ಲ, ಮಗ ಕೃಷ್ಣರಾಜನಿಗೆ ಹತ್ತು ವರ್ಷ. 1895ರಿಂದ 1902ರವರೆಗೆ ಮೈಸೂರು ಸಂಸ್ಥಾನ ಈಕೆಯ ಕೈಯಲ್ಲಿತ್ತು. 1897ರಲ್ಲಿ ಮಗಳ ಮದುವೆಯ ಸಡಗರದ ನಡುವೆ ಅರಮನೆ ಹೊತ್ತಿ ಉರಿಯಿತು. ಮರುವರ್ಷ ಬೆಂಗಳೂರಿಗೆ ಪ್ಲೇಗು. ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿದದ್ದು ಇದೇ ಕಾಲದಲ್ಲಿ. ಮಾರಿಕಣಿವೆಯ ಕೆಲಸ ಶುರುವಾದದ್ದೂ ಇದೇ ಕಾಲದಲ್ಲಿ. ಅದು ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ 89 ವರ್ಷಗಳ ನಂತರ, 2022ರಲ್ಲಿ ಮತ್ತೆ ಕೋಡಿ ಬಿತ್ತು. ಜನ ಬಂಡಿಗಟ್ಟಲೆ ಹೋಗಿ ನೋಡಿ, ಬಾಗಿನ ಬಿಟ್ಟು ಬಂದರು.

ಒಡವೆ ಅಡವಿಟ್ಟು ಅಣೆಕಟ್ಟು ಕಟ್ಟಿಸಿದರೆಂಬ ಮಾತು ನಮ್ಮ ಕಡೆ ಓಡಾಡುತ್ತದೆ. ಅದನ್ನು ನಂಬಿ ನಾಟಕ ಬರೆಯುವ ಅಗತ್ಯವಿಲ್ಲ. ದಾಖಲಾದ ಬದುಕೇ ಧಾರಾಳವಾಗಿ ಸಾಕು. ಸುಟ್ಟ ಅರಮನೆ ಒಂದು ಕಡೆ, ನೀರಿಲ್ಲದ ಬಯಲುಸೀಮೆ ಇನ್ನೊಂದು ಕಡೆ, ಎದುರಿಗೆ ದಿವಾನ್ ಶೇಷಾದ್ರಿ ಅಯ್ಯರ್, ಮಗ್ಗುಲಲ್ಲಿ ಓದುತ್ತ ಕುಳಿತ ಮಗ. ಒಬ್ಬ ನಟಿಗೆ ಇದಕ್ಕಿಂತ ಇನ್ನೇನು ಬೇಕು?

ಕಲಿಸುವವರೂ ದೂರವಿಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು ಕಟ್ಟಿದ ಶಿವಸಂಚಾರ 1997ರಿಂದ ನಾಡು ಸುತ್ತಿ ನಾಟಕ ಆಡುತ್ತಿದೆ. ಅಲ್ಲೇ ರಂಗಶಾಲೆಯಿದೆ, ಬಯಲು ರಂಗಮಂದಿರವಿದೆ, ವರ್ಷವರ್ಷ ನಾಟಕೋತ್ಸವ ನಡೆಯುತ್ತದೆ. ಶಾಲೆಯ ಮಕ್ಕಳನ್ನು ಒಮ್ಮೆ ಕರೆದೊಯ್ದರೂ ಕಣ್ಣಿನ ಗುರುತು, ಮೌನದ ಅಳತೆ ಎಂದರೇನೆಂದು ಅವರಿಗೆ ತಿಳಿಯುತ್ತದೆ.

ಹಿರಿಯೂರು, ಆದಿವಾಲದ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ, ಬರೆಯುವ ಕೈ ಇರುವ ಎಲ್ಲರಲ್ಲಿ ಒಂದು ಕೋರಿಕೆ. ಮುಂದಿನ ರಾಜ್ಯೋತ್ಸವಕ್ಕೆ ಕೆಂಪನಂಜಮ್ಮಣ್ಣಿಯವರ ಮೇಲೆ ಅರ್ಧ ಗಂಟೆಯ ಏಕಪಾತ್ರವೊಂದನ್ನು ಬರೆದುಕೊಡಿ. ಬಾಡಿಗೆ ಕಿರೀಟ ಬೇಡ, ಕತ್ತಿ ಬೇಡ. ಒಡವೆಯಿಲ್ಲದ ಸಾದಾ ಸೀರೆ, ಒಂದು ಕುರ್ಚಿ, ಮೇಜಿನ ಮೇಲೆ ಹರಡಲು ಒಂದು ನಕ್ಷೆ ಇದ್ದರೆ ಆಯಿತು. ಆಡುವ ಹುಡುಗಿ ನಿಮ್ಮ ತರಗತಿಯಲ್ಲೇ ಇದ್ದಾಳೆ.