ತುಪ್ಪಳದ ಬೇಟೆಗೆ ತಕ್ಕ ತೋಟಾ

ಸೈಬೀರಿಯದ ಬೇಟೆಗಾರರು ಹಿಂದೆ ಅಳಿಲನ್ನು ಹೊಡೆಯಲು ಬಳಸುತ್ತಿದ್ದ ಬಾಣದ ತುದಿ ಚೂಪಾಗಿರಲಿಲ್ಲ, ಮೊಂಡಾಗಿತ್ತು. ಚೂಪು ಬಾಣ ತೊಗಲನ್ನು ಹರಿಯುತ್ತದೆ; ಮೊಂಡು ಬಾಣವಾದರೋ ಪೆಟ್ಟಿನಿಂದಲೇ ಪ್ರಾಣಿಯನ್ನು ಕೆಡವುತ್ತದೆ. ತುಪ್ಪಳಕ್ಕಾಗಿ ಬೇಟೆಯಾಡುವವನಿಗೆ ಹರಿಯದ ತೊಗಲೇ ಸಂಪಾದನೆಯಷ್ಟೆ. ಬಿಲ್ಲು ಹೋಗಿ ರೈಫಲ್ ಬಂದ ಮೇಲೂ ಈ ಸಮಸ್ಯೆ ಉಳಿಯಿತು. ಪ್ರಾಣಿಯು ನರಳದೆ ಒಡನೆಯೇ ಸಾಯಬೇಕು, ತುಪ್ಪಳವೂ ಕೆಡಬಾರದು. ಇವೆರಡನ್ನೂ ಸಾಧಿಸುವ ತೋಟಾ ಯಾವುದು? ಉತ್ತರವನ್ನು ನಾವು ಭೌತಶಾಸ್ತ್ರದಲ್ಲಿ ಹುಡುಕಬೇಕು.

ತೋಟಾ ಎಂದರೆ ಹಿತ್ತಾಳೆಯ ಕೋಶ, ಅದರೊಳಗೆ ಮದ್ದು, ಅದರ ಬಾಯಲ್ಲಿ ಗುಂಡು. ಮದ್ದು ಉರಿದಾಗ ಹುಟ್ಟುವ ಅನಿಲಗಳು ಗುಂಡನ್ನು ನಳಿಗೆಯಿಂದ ಹೊರದೂಡುತ್ತವೆ. ಎರಡು ಪ್ರಸಿದ್ಧ ತೋಟಾಗಳನ್ನು ಹೋಲಿಸಿ ನೋಡೋಣ. ಪಾಯಿಂಟ್ 22 ಲಾಂಗ್ ರೈಫಲ್ ಎಂಬುದರ ಗುಂಡು ಸುಮಾರು 2.6 ಗ್ರಾಂ ತೂಗುತ್ತದೆ. ಅದರ ವೇಗ ಸೆಕೆಂಡಿಗೆ ಸುಮಾರು 330 ಮೀಟರು. ಪಾಯಿಂಟ್ 223 ರೆಮಿಂಗ್ಟನ್ ತೋಟಾದ ಗುಂಡಿಗೆ 3.6 ಗ್ರಾಂ ತೂಕ, ಸುಮಾರು 980 ಮೀಟರು ವೇಗ. ಎರಡರ ವ್ಯಾಸವೂ ಬಹುಮಟ್ಟಿಗೆ ಒಂದೇ, 5.7 ಮಿಲಿಮೀಟರು. ಆದರೆ ಚಲನಶಕ್ತಿಯು ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟಿರುತ್ತದೆ. ಲೆಕ್ಕ ಹಾಕಿದರೆ ಮೊದಲನೆಯದಕ್ಕೆ ಸುಮಾರು 140 ಜೂಲ್, ಎರಡನೆಯದಕ್ಕೆ 1,730 ಜೂಲ್ ಬರುತ್ತದೆ. ತೂಕ ಒಂದೂವರೆ ಪಟ್ಟೂ ಹೆಚ್ಚಿಲ್ಲ; ವೇಗ ಮೂರು ಪಟ್ಟು; ಶಕ್ತಿಯಾದರೋ ಹನ್ನೆರಡು ಪಟ್ಟು!

ಹಾಗಾದರೆ ಹೆಚ್ಚು ಶಕ್ತಿಯ ತೋಟಾವೇ ಮೇಲೆನ್ನೋಣವೆ? ಅಲ್ಲ. ಶಕ್ತಿ ಎಷ್ಟಿದೆ ಎಂಬುದರಷ್ಟೇ ಅದು ಎಲ್ಲಿ ವ್ಯಯವಾಗುತ್ತದೆ ಎಂಬುದೂ ಮುಖ್ಯ. ದಪ್ಪ ತಾಮ್ರದ ಕವಚವುಳ್ಳ ಗುಂಡು ಆಕಾರಗೆಡದೆ ದೇಹವನ್ನು ತೂರಿ ಹೋಗಿ, ತನ್ನ ಶಕ್ತಿಯ ಬಹುಭಾಗವನ್ನು ಹಿಂದಿನ ಮಣ್ಣಿಗೆ ಕೊಡುತ್ತದೆ. ಗಾಯಗೊಂಡ ಪ್ರಾಣಿ ಓಡಿಹೋಗಿ ಎಲ್ಲಿಯೋ ನರಳಿ ಸಾಯಬಹುದು. ಮೃದುತುದಿಯ ಭಾರವಾದ ಗುಂಡು ಒಳಗೆ ಅರಳಿ ಹೊರಬರುವಾಗ ಇನ್ನೊಂದು ಪಕ್ಕದಲ್ಲಿ ದೊಡ್ಡ ರಂಧ್ರವನ್ನು ಮಾಡಿ ತೊಗಲನ್ನು ಹರಿಯುತ್ತದೆ. ತೆಳು ಕವಚದ, ಹಗುರವಾದ, ಅತಿವೇಗದ ಗುಂಡಾದರೋ ಒಂದು ಸಣ್ಣ ರಂಧ್ರದಿಂದ ಒಳಹೊಕ್ಕು, ಎದೆಗೂಡಿನಲ್ಲಿ ಚೂರುಚೂರಾಗಿ ಅಲ್ಲಿಯೇ ನಿಲ್ಲಬಲ್ಲದು. ಉತ್ತರ ಅಮೆರಿಕದ ಕೊಯೋಟಿ ಎಂಬ ತೋಳಜಾತಿಯ ಪ್ರಾಣಿಯ ಬೇಟೆಗೆ ಇಂಥದನ್ನೇ ಆರಿಸುವುದುಂಟು. ಅದೇ ಗುಂಡು ಅಳಿಲಿಗೆ ತಗುಲಿದರೆ ತುಪ್ಪಳವೇ ಉಳಿಯದು. ಅದಕ್ಕೆ ಪಾಯಿಂಟ್ 22ರ ನಿಧಾನವಾದ ಗುಂಡೇ ಸಾಕು, ಅದೂ ತಲೆಗೆ ಗುರಿಯಿಟ್ಟು. ಪ್ರಾಣಿಯ ಗಾತ್ರ, ದೂರ, ಬೇಟೆಗಾರನ ಗುರಿ ಇವುಗಳನ್ನು ನೋಡದೆ ತೋಟಾವನ್ನು ಆರಿಸಲಾಗದು. ಗುರಿ ತಪ್ಪಿದರೆ ಯಾವ ತೋಟಾವೂ ತಕ್ಕುದಲ್ಲ.

ಇಷ್ಟಾದರೂ ಒಂದು ಪ್ರಶ್ನೆಗೆ ಈ ಲೆಕ್ಕಗಳಲ್ಲಿ ಉತ್ತರವಿಲ್ಲ: ಎಷ್ಟು ಪ್ರಾಣಿಗಳನ್ನು ಕೊಲ್ಲಬಹುದು? ಬೆಲೆಬಾಳುವ ತುಪ್ಪಳದ ಸೇಬಲ್ ಪ್ರಾಣಿಯು ಮಿತಿಮೀರಿದ ಬೇಟೆಯಿಂದ ಅಳಿವಿನಂಚಿಗೆ ಬಂದಾಗ, ಅದನ್ನು ಉಳಿಸಲೆಂದೇ 1917ರ ಆರಂಭದಲ್ಲಿ ಬೈಕಲ್ ಸರೋವರದ ದಂಡೆಯಲ್ಲಿ ಬರ್ಗುಜಿನ್ ರಕ್ಷಿತಾರಣ್ಯ ಸ್ಥಾಪಿತವಾಯಿತು. ನಮ್ಮ ದೇಶದಲ್ಲಿ ವನ್ಯಮೃಗಗಳ ರಕ್ಷಣೆಗೆ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವಿದೆ. ಗುಂಡಿನ ಶಕ್ತಿಯನ್ನು ಅಳೆಯಲು ಕಲಿತ ಮಾನವನು ತನ್ನ ಆಸೆಯನ್ನೂ ಅಳೆಯಲು ಕಲಿಯಬೇಕಾಗಿದೆ.