ಕತ್ತರಿಸಿದ ಗುಳಿಗೆ ಪಟ್ಟಿ, ಕೇಳದ ರಸೀದಿ

ಕೊಪ್ಪಳ: ಮೈಕೈ ನೋವು, ನೆಗಡಿ, ಜ್ವರ ಎಂದಾಗ ಈ ಜಿಲ್ಲೆಯಲ್ಲಿ ಅನೇಕರು ಮೊದಲು ಹತ್ತುವುದು ಆಸ್ಪತ್ರೆಯ ಮೆಟ್ಟಿಲನ್ನಲ್ಲ, ಔಷಧಿ ಅಂಗಡಿಯ ಮೆಟ್ಟಿಲನ್ನು. "ಅಣ್ಣಾರ, ನಡ ಭಾಳ ನೋಯಾಕತ್ತೈತಿ, ನಾಕು ಗುಳಿಗಿ ಕೊಡ್ರಿ" ಎಂಬ ಕೋರಿಕೆ ಗಂಗಾವತಿಯಲ್ಲಿ ಭತ್ತದ ನಾಟಿಯ ದಿನಗಳಲ್ಲಿ ಎಷ್ಟು ಸಹಜವೋ, ಕುಷ್ಟಗಿ, ಯಲಬುರ್ಗಾಗಳಲ್ಲಿ ಸಂತೆಯ ದಿನ ಅಷ್ಟೇ ಸಹಜ. ಕತ್ತರಿ ಆಡುತ್ತದೆ, ಹತ್ತು ಗುಳಿಗೆಗಳ ಪಟ್ಟಿ ತುಂಡಾಗುತ್ತದೆ, ನಾಲ್ಕು ಗುಳಿಗೆಗಳು ಪುಟ್ಟ ಕಾಗದದ ಚೀಲ ಸೇರುತ್ತವೆ. ಹಣ ಕೊಟ್ಟು ಹೊರಡುವ ಗ್ರಾಹಕನ ಕೈಯಲ್ಲಿ ಬಹಳ ಸಲ ಗುಳಿಗೆಯ ಪೂರ್ಣ ಹೆಸರೂ ಇರುವುದಿಲ್ಲ, ಅವಧಿ ಮುಗಿಯುವ ದಿನಾಂಕವೂ ಇರುವುದಿಲ್ಲ. ರಸೀದಿಯನ್ನು ಆತ ಕೇಳಿರುವುದೇ ಇಲ್ಲ.

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ರೂಪುಗೊಂಡ ಕೊಪ್ಪಳ ಜಿಲ್ಲೆಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2015ರಲ್ಲಿ. 2011ರ ಜನಗಣತಿಯಂತೆ ಜಿಲ್ಲೆಯ ಸುಮಾರು 13.9 ಲಕ್ಷ ಜನರಲ್ಲಿ ಶೇ 83ಕ್ಕೂ ಹೆಚ್ಚು ಮಂದಿ ಹಳ್ಳಿಗರು. ಆಸ್ಪತ್ರೆಗೆ ಹೋಗುವುದೆಂದರೆ ಅವರಿಗೆ ಒಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ. ಔಷಧಿ ಅಂಗಡಿಯಲ್ಲಿ ಸರದಿಯಿಲ್ಲ, ತಪಾಸಣೆಯ ಶುಲ್ಕವಿಲ್ಲ. ಪರಿಚಯವಿದ್ದರೆ ಉದ್ರಿಯೂ ಉಂಟು. ವೈದ್ಯರ ಗೀಚುಬರಹ ಓದಿ, "ಇದು ಊಟಕ್ಕ ಮೊದಲ, ಇದು ಆಮ್ಯಾಲೆ" ಎಂದು ಓದುಬಾರದ ಅಜ್ಜಿಗೆ ಬಿಡಿಸಿ ಹೇಳುವವರೂ ಅಂಗಡಿಯವರೇ. ಈ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಈ ವಿಶ್ವಾಸದ ನಡುವೆ ಗ್ರಾಹಕ ತನ್ನದೇ ಆದ ಕೆಲವು ಹಕ್ಕುಗಳನ್ನು ಮರೆತಿದ್ದಾನೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ತುಂಡು ಪಟ್ಟಿಯ ಲೆಕ್ಕ

ಇಡೀ ಪಟ್ಟಿ ಕೊಳ್ಳಲೇಬೇಕೆಂದು ಅಂಗಡಿಯವರು ಪಟ್ಟುಹಿಡಿದರು, ಇಲ್ಲವೇ ಬಿಡಿಯಾಗಿ ಕೊಟ್ಟು ಹೆಚ್ಚು ಹಣ ಪಡೆದರು ಎಂಬುದು ಗ್ರಾಹಕರ ಹಳೆಯ ದೂರು. 2013ರ ಔಷಧ ಬೆಲೆ ನಿಯಂತ್ರಣ ಆದೇಶ ಈ ಬಗ್ಗೆ ಸ್ಪಷ್ಟವಾಗಿದೆ. ಬಿಡಿಯಾಗಿ ಮಾರುವಾಗ ಪಟ್ಟಿಯ ಬೆಲೆಯ ಪ್ರಮಾಣಕ್ಕೆ ತಕ್ಕಷ್ಟೇ ಹಣ ಪಡೆಯಬೇಕು. ಹತ್ತು ಗುಳಿಗೆಗೆ 32 ರೂಪಾಯಿ ಇದ್ದರೆ ನಾಲ್ಕಕ್ಕೆ 12 ರೂಪಾಯಿ 80 ಪೈಸೆ, ಹದಿನೈದಲ್ಲ. ಚಿಲ್ಲರೆಯ ಬದಲು ಚಾಕೊಲೇಟು ಕೈಗಿಡುವುದೂ ಈ ಲೆಕ್ಕದಲ್ಲಿ ಸೇರದು. ತನ್ನಲ್ಲಿರುವ ಔಷಧವನ್ನು ಕೊಳ್ಳಬಂದ ಗ್ರಾಹಕನಿಗೆ ಮಾರಾಟಗಾರ ನಿರಾಕರಿಸುವಂತಿಲ್ಲ ಎಂದೂ ಅದೇ ಆದೇಶ ಹೇಳುತ್ತದೆ.

ಹಣಕ್ಕಿಂತ ದೊಡ್ಡ ನಷ್ಟ ಮಾಹಿತಿಯದು. ತಯಾರಿಕೆಯ ದಿನಾಂಕ, ಅವಧಿ ಮುಗಿಯುವ ದಿನಾಂಕ, ಬ್ಯಾಚ್ ಸಂಖ್ಯೆಗಳು ಸಾಮಾನ್ಯವಾಗಿ ಪಟ್ಟಿಯ ಒಂದು ಅಂಚಿನಲ್ಲಿ ಮಾತ್ರ ಅಚ್ಚಾಗಿರುತ್ತವೆ. ಆ ಅಂಚು ಅಂಗಡಿಯಲ್ಲಿಯೇ ಉಳಿದರೆ ಗ್ರಾಹಕನ ಬಳಿ ಇರುವುದು ಹೆಸರಿಲ್ಲದ ಗುಳಿಗೆ. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬೆಂಗಳೂರಿಗೋ ಮಂಗಳೂರಿಗೋ ಗುಳೆ ಹೋಗುವ ಕುಟುಂಬ ಇಂಥ ತುಂಡುಗಳನ್ನೇ ಗಂಟು ಕಟ್ಟಿಕೊಂಡು ಹೊರಟರೆ, ಅಲ್ಲಿನ ವೈದ್ಯರಿಗೆ ತೋರಿಸಲು ಏನೂ ಇರುವುದಿಲ್ಲ. ರಕ್ತದೊತ್ತಡಕ್ಕೆ ಯಾವ ಔಷಧ, ಎಷ್ಟು ಮಿಲಿಗ್ರಾಂ ಎಂಬ ಪ್ರಶ್ನೆಗೆ "ಬಿಳೇ ಸಣ್ಣ ಗುಳಿಗಿ" ಎಂಬುದೇ ಉತ್ತರವಾಗುತ್ತದೆ. ಅಂಚನ್ನು ಬಿಟ್ಟು ಇನ್ನೊಂದು ಕಡೆಯಿಂದ ಕತ್ತರಿಸಿದ ತುಂಡು ಬೇಡ, ದಿನಾಂಕವಿರುವ ಕಡೆಯದನ್ನೇ ಕೊಡಿ ಎಂದು ಕೇಳಬಹುದು. ಅದು ಸಾಧ್ಯವಾಗದಿದ್ದಲ್ಲಿ ರಸೀದಿಯೇ ಆಧಾರ.

ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆ 1940ರದು, ಅದರ ನಿಯಮಗಳು 1945ರವು. ಅವುಗಳಂತೆ ರಸೀದಿಯಲ್ಲಿ ಅಂಗಡಿಯ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಕ್ರಮಸಂಖ್ಯೆ, ದಿನಾಂಕ, ಔಷಧದ ಹೆಸರು ಮತ್ತು ಪ್ರಮಾಣ ಇರಬೇಕು. ವೈದ್ಯರ ಚೀಟಿಯ ಮೇಲೆಯೇ ಮಾರಬೇಕಾದ ಷೆಡ್ಯೂಲ್ ಎಚ್ ಔಷಧಗಳ ಮಾರಾಟ ದಾಖಲೆಯಲ್ಲಿ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕಗಳೂ ನೋಂದಾಯಿತ ಫಾರ್ಮಾಸಿಸ್ಟರ ಸಹಿಯೂ ಅಗತ್ಯ. ಬ್ಯಾಚ್ ಸಂಖ್ಯೆ ಏಕೆ ಮುಖ್ಯವೆಂಬುದಕ್ಕೆ ದೂರ ಹೋಗಬೇಕಿಲ್ಲ. 2024ರ ನವೆಂಬರ್‌ನಲ್ಲಿ ನೆರೆಯ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ಅಸುನೀಗಿದಾಗ, ಸಂಶಯ ಅವರಿಗೆ ನೀಡಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಬಿತ್ತು. ಇಂಥ ಸಂದರ್ಭದಲ್ಲಿ ಯಾವ ಬಾಟಲಿ ಯಾವ ಬ್ಯಾಚಿನದು ಎಂಬುದನ್ನು ಹಿಡಿದೇ ತನಿಖೆ ಸಾಗಬೇಕು. ಆಸ್ಪತ್ರೆಯಲ್ಲಿ ಅದಕ್ಕೆ ದಾಸ್ತಾನು ಪುಸ್ತಕವಿರುತ್ತದೆ. ಮನೆಯಲ್ಲಿ ನಾಲ್ಕು ಬಿಡಿ ಗುಳಿಗೆ ನುಂಗಿದವನ ಬಳಿ ಏನಿರುತ್ತದೆ?

ಚೀಟಿ ಇಲ್ಲದ 'ಸೆಟ್'

ಮೂರು ನಾಲ್ಕು ಬಗೆಯ ಗುಳಿಗೆಗಳನ್ನು ಒಂದೊಂದಾಗಿ ಬಿಡಿಸಿ, ಹೊತ್ತಿಗೊಂದು ಪೊಟ್ಟಣದಂತೆ ಕಟ್ಟಿಕೊಡುವ 'ಸೆಟ್' ಪದ್ಧತಿ ಅತ್ಯಂತ ಅಪಾಯಕಾರಿ. ಎಲ್ಲ ಅಂಗಡಿಗಳೂ ಹೀಗೆ ಮಾಡುತ್ತವೆ ಎನ್ನಲಾಗದು. ಆದರೆ ಇಂಥ ಪೊಟ್ಟಣದಿಂದ ನೋವು ಥಟ್ಟನೆ ಇಳಿದರೆ ಅದರಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಇರುವ ಸಾಧ್ಯತೆಯುಂಟು. ನಡುನೋವಿಗೆಂದು ತಿಂಗಳುಗಟ್ಟಲೆ ಅದನ್ನು ತಿಂದವರಲ್ಲಿ ಸಕ್ಕರೆ ಅಂಶ ಏರುತ್ತದೆ, ಮೂಳೆ ಸವೆಯುತ್ತದೆ, ಮುಖ ಊದಿಕೊಳ್ಳುತ್ತದೆ. ದೇಹ ತಾನೇ ಸ್ರವಿಸುವ ಸ್ಟೀರಾಯ್ಡ್ ಕುಗ್ಗಿರುವುದರಿಂದ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಡೈಕ್ಲೋಫೆನಾಕ್‌ನಂಥ ನೋವುನಿವಾರಕಗಳ ದೀರ್ಘ ಬಳಕೆ ಮೂತ್ರಪಿಂಡಕ್ಕೆ ಹಾನಿಕರ. ಬಿಸಿಲಲ್ಲಿ ಬೆವರಿಳಿಸಿ ದುಡಿಯುವ, ನೀರು ಕಡಿಮೆ ಕುಡಿಯುವ ಕೂಲಿಕಾರರಿಗೆ ಅದು ಇನ್ನೂ ಹೆಚ್ಚು.

ಜೀವಿರೋಧಕಗಳ ಅಂದರೆ ಆಂಟಿಬಯಾಟಿಕ್‌ಗಳ ಕತೆಯೂ ಇದೇ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಷೆಡ್ಯೂಲ್ ಎಚ್1 ಪಟ್ಟಿಯಲ್ಲಿ ಸೆಫಿಕ್ಸಿಮ್‌ನಂಥ ಔಷಧಗಳು, ಕ್ಷಯದ ಔಷಧಗಳು ಸೇರಿವೆ. ಇವನ್ನು ಮಾರಿದಾಗ ವೈದ್ಯರ ಹಾಗೂ ರೋಗಿಯ ಹೆಸರು, ಔಷಧ, ಪ್ರಮಾಣಗಳನ್ನು ಪ್ರತ್ಯೇಕ ವಹಿಯಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಚೀಟಿಯೇ ಇಲ್ಲದೆ ಎರಡು ಗುಳಿಗೆ ಮಾರಿದರೆ ವಹಿಯಲ್ಲಿ ಬರೆಯುವುದೇನು? ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆಯಿದ್ದರೆ ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದೆಂದು ಅರ್ಥ. ಕೇಂದ್ರ ಸರ್ಕಾರ 2016ರಲ್ಲಿ ಈ ಗೆರೆಯ ಬಗ್ಗೆ ಪ್ರಚಾರಾಂದೋಲನವನ್ನೇ ನಡೆಸಿತು. ತುಂಡಾದ ಪಟ್ಟಿಯಲ್ಲೂ ಈ ಗೆರೆ ಉಳಿಯುವ ಸಂಭವವಿದೆ ಎಂಬುದೊಂದೇ ಸಮಾಧಾನ.

ಕಟ್ಟೆಯ ಹಿಂದೆ ನಿಂತವರು ಯಾರು ಎಂಬುದನ್ನೂ ಗ್ರಾಹಕ ಗಮನಿಸಬೇಕು. 1948ರ ಫಾರ್ಮಸಿ ಕಾಯ್ದೆಯಂತೆ ವೈದ್ಯರ ಚೀಟಿಗೆ ಔಷಧ ಕೊಡುವವರು ನೋಂದಾಯಿತ ಫಾರ್ಮಾಸಿಸ್ಟರಾಗಿರಬೇಕು. ಸೇವನೆಯ ಕ್ರಮ ತಿಳಿಸಿ ಹೇಳುವುದು 2015ರ ಫಾರ್ಮಸಿ ವೃತ್ತಿ ನಿಯಮಾವಳಿಯಂತೆ ಅವರ ಕರ್ತವ್ಯ. ಅಂಗಡಿಯ ಪರವಾನಗಿ ಜನರಿಗೆ ಕಾಣುವಂತೆ ತೂಗುಹಾಕಿರಬೇಕು. ಪರವಾನಗಿಯಲ್ಲಿ ಒಬ್ಬರ ಹೆಸರು, ವ್ಯಾಪಾರ ಇನ್ನೊಬ್ಬರ ಕೈಯಲ್ಲಿ ಎಂಬ ದೂರು ರಾಜ್ಯಕ್ಕೆ ಹೊಸದೇನಲ್ಲ.

ಬ್ರ್ಯಾಂಡ್ ಬದಲಾದಾಗ

"ಅದು ಇಲ್ರಿ, ಇದೂ ಅದ ಕಂಟೆಂಟ್" ಎಂಬ ಮಾತನ್ನು ಕೇಳದ ಗ್ರಾಹಕರಿಲ್ಲ. ಮಾತು ಹಲವು ಸಲ ನಿಜವೂ ಹೌದು. ಆದರೂ ಷೆಡ್ಯೂಲ್ ಎಚ್ ಔಷಧಕ್ಕೆ ಚೀಟಿಯಲ್ಲಿ ಬರೆದುದರ ಬದಲು ಅದೇ ಅಂಶವುಳ್ಳ ಬೇರೆ ಬ್ರ್ಯಾಂಡನ್ನು ಅಂಗಡಿಯವರು ತಾವಾಗಿ ಕೊಡುವಂತಿಲ್ಲ. ಈ ನಿಯಮದಿಂದ ಅಗ್ಗದ ಔಷಧಕ್ಕೂ ಅಡ್ಡಿಯಾಗುತ್ತದೆ ಎಂಬುದು ವಿಪರ್ಯಾಸ. ವೈದ್ಯರು ಮೂಲನಾಮದಲ್ಲಿಯೇ ಬರೆದರೆ ತೊಡಕು ನೀಗುತ್ತದೆ. ಹಾಗೆಂದು ಸೂಚಿಸಿದ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮಾವಳಿ 2023ರ ಆಗಸ್ಟ್‌ನಲ್ಲಿ ಹೊರಬಿದ್ದ ತಿಂಗಳಲ್ಲೇ ತಡೆಹಿಡಿಯಲ್ಪಟ್ಟಿತು. ಹಾಗಾಗಿ ಸದ್ಯಕ್ಕೆ ಮೂಲನಾಮದಲ್ಲಿ ಬರೆದುಕೊಡಿ ಎಂದು ವೈದ್ಯರನ್ನೇ ಕೇಳಿಕೊಳ್ಳಬೇಕು.

ಒಂದು ಅಂಗಡಿಯಲ್ಲಿ ಶೇ 20 ರಿಯಾಯಿತಿ, ಪಕ್ಕದಲ್ಲಿ ಏನೂ ಇಲ್ಲ, ಏಕೆ? ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿರುವವುಗಳಿಗೆ (2022ರ ಪಟ್ಟಿಯಲ್ಲಿ 384 ಔಷಧಗಳಿವೆ) ಗರಿಷ್ಠ ಬೆಲೆ ನಿಗದಿಯಾಗಿದ್ದು, ಆ ಲೆಕ್ಕದಲ್ಲಿ ಚಿಲ್ಲರೆ ವ್ಯಾಪಾರಿಗೆ ಶೇ 16 ಲಾಭಾಂಶ ಇಡಲಾಗಿದೆ. ಉಳಿದವುಗಳ ಮೊದಲ ಬೆಲೆಯನ್ನು ಕಂಪನಿಯೇ ನಿರ್ಧರಿಸುತ್ತದೆ. ಅನಂತರ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚಿಸುವಂತಿಲ್ಲ. ಮೊದಲ ಬೆಲೆಯೇ ದುಬಾರಿಯಾಗಿದ್ದರೆ ರಿಯಾಯಿತಿಗೆ ಧಾರಾಳ ಅವಕಾಶ. 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಔಷಧಗಳ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಆ ಇಳಿಕೆ ತನಗೆ ದಕ್ಕಿತೋ ಇಲ್ಲವೋ ಎಂಬುದು ರಸೀದಿ ಪಡೆದವನಿಗೆ ಮಾತ್ರ ತಿಳಿದೀತು.

ಬೇಸಿಗೆಯಲ್ಲಿ ಇನ್ಸುಲಿನ್

ಪಾರಾ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಇನ್ಸುಲಿನ್ ಕೊಳ್ಳುವವರು ಅಂಗಡಿಯ ಫ್ರಿಜ್ ಚಾಲೂ ಇದೆಯೇ ಎಂದು ನೋಡುವುದರಲ್ಲಿ ಸಂಕೋಚವಿರಬಾರದು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಹಳ್ಳಿಗೆ ಒಯ್ಯುವಾಗ ಥರ್ಮಾಸು ಉಪಯುಕ್ತ. ಮಂಜುಗಡ್ಡೆಗೆ ನೇರವಾಗಿ ತಾಗಿ ಹೆಪ್ಪುಗಟ್ಟಿದರೆ ಔಷಧ ಕೆಡುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ ಒದ್ದೆ ಮಣ್ಣಿನ ಗಡಿಗೆ ಒಳ್ಳೆಯ ಆಸರೆ.

ದೂರು ಕೊಡುವವರು ಔಷಧ ನಿಯಂತ್ರಣ ಅಧಿಕಾರಿಗಳನ್ನು ಕಾಣಬಹುದು. ಬೆಲೆಯ ತಕರಾರಿಗೆ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವಿದೆ, ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗವಿದೆ. ಎಲ್ಲ ಕಡೆಯೂ ಮೊದಲು ಕೇಳುವುದು ರಸೀದಿಯನ್ನೇ.

ನಕಲಿ ಔಷಧ ತಡೆಯಲೆಂದು 2023ರ ಆಗಸ್ಟ್ 1ರಿಂದ 300 ಪ್ರಮುಖ ಬ್ರ್ಯಾಂಡ್‌ಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಮೊಬೈಲಿನಿಂದ ಓದಿಸಿದರೆ ತಯಾರಕರು, ಬ್ಯಾಚ್, ಅವಧಿ ಎಲ್ಲವೂ ತಿಳಿಯುತ್ತದೆ. ಪಟ್ಟಿಯಲ್ಲಿ ಜಾಗ ಸಾಲದಿದ್ದರೆ ಆ ಕೋಡನ್ನು ಹೊರಡಬ್ಬಿಯ ಮೇಲೆ ಮುದ್ರಿಸಲು ಅವಕಾಶವಿದೆ. ನಾಲ್ಕು ಗುಳಿಗೆ ಕೊಂಡವನಿಗೆ ಡಬ್ಬಿ ಸಿಗುವುದಿಲ್ಲ.